ಹಲ್ಲು ತುಂಬುವ ಪರವಾನಗಿ: ಹೆದರಿಕೆ ಯಾರಿಗೆ?

ಹೆಬ್ರಿ ಕಡೆಯ ತಾಯಿಯೊಬ್ಬರು ಹನ್ನೊಂದು ವರ್ಷದ ಮಗನನ್ನು ಉಡುಪಿಯ ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಕೆಳಗಿನ ದವಡೆಹಲ್ಲು ಬೇರಿನವರೆಗೂ ಹುಳುಕಾಗಿತ್ತು. "ಹಾಲುಹಲ್ಲಲ್ಲವೇ ಡಾಕ್ಟರೇ, ಬಿದ್ದು ಬೇರೆ ಬರುತ್ತದೆ" ಎಂದರು. ಅದು ಹಾಲುಹಲ್ಲಲ್ಲ. ಆರರ ವಯಸ್ಸಿನಲ್ಲಿ, ಯಾವ ಹಲ್ಲೂ ಬೀಳದೆ, ಸಾಲಿನ ಹಿಂದೆ ಸದ್ದಿಲ್ಲದೆ ಹುಟ್ಟುವ ಶಾಶ್ವತ ಹಲ್ಲು. ಅವರ ಚೀಲದಲ್ಲಿ ಮೂರು ವರ್ಷ ಹಿಂದಿನ ಶಾಲಾ ಶಿಬಿರದ ಚೀಟಿಯೊಂದು ನಾಲ್ಕು ಮಡಿಕೆಯಾಗಿ ಕುಳಿತಿತ್ತು: 'ಹಲ್ಲು ತುಂಬಿಸಬೇಕು.' ಬೀಡಿ ಕಟ್ಟುವುದನ್ನು ಬಿಟ್ಟು ಬಸ್ಸು ಹತ್ತಲು ಅವರಿಗೆ ಬಿಡುವಾಗಿರಲಿಲ್ಲ.

ಚೀಟಿ ಬರೆದ ದಿನವೇ, ಶಾಲೆಯಲ್ಲೇ ಆ ಹಲ್ಲನ್ನು ತುಂಬಬಲ್ಲವರು ಬೇಕು. ಅದಕ್ಕೇ ನಾನು ಡೆಂಟಲ್ ಥೆರಪಿಸ್ಟರ ಪರ, ಅಂದರೆ ದಂತವೈದ್ಯರಲ್ಲದಿದ್ದರೂ ಹುಳುಕು ತುಂಬುವಂಥ ಕೆಲವೇ ಕೆಲಸಗಳಿಗೆ ತರಬೇತಿ ಪಡೆದವರ ಪರ ಮಾತನಾಡುವುದು, ಅವರಿಗೂ ಪರವಾನಗಿ ಕೊಡಿ ಎನ್ನುವುದು. ನಮ್ಮ 1948ರ ದಂತವೈದ್ಯರ ಕಾಯ್ದೆ ದಂತವೈದ್ಯ, ಹೈಜಿನಿಸ್ಟ್, ಕೃತಕ ಹಲ್ಲು ತಯಾರಿಸುವ ಮೆಕ್ಯಾನಿಕ್ ಎಂಬ ಮೂವರನ್ನಷ್ಟೇ ಗುರುತಿಸಿತು. ಹೈಜಿನಿಸ್ಟ್ ಹಲ್ಲು ಶುಚಿಗೊಳಿಸಬಹುದು, ತಿಳಿಹೇಳಬಹುದು, ಕೊರೆದು ತುಂಬುವಂತಿಲ್ಲ.

"ನಕಲಿ ವೈದ್ಯರಿಗೆ ಸರಕಾರಿ ಮುದ್ರೆ ಒತ್ತಬೇಕೆ?" ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ನಕಲಿ ವೈದ್ಯನ ಹೆಸರು ಯಾವ ನೋಂದಣಿಯಲ್ಲೂ ಇರುವುದಿಲ್ಲ. ಅವನು ತಪ್ಪಿದರೆ ಕಿತ್ತುಕೊಳ್ಳಲು ಪರವಾನಗಿಯೇ ಇಲ್ಲ. ಪರವಾನಗಿ ಇರುವುದು ಗಡಿ ಎಳೆಯುವುದಕ್ಕೆ. ಅಮೆರಿಕದ ಮಿನ್ನೆಸೋಟ 2009ರಲ್ಲಿ ಮಾಡಿದ ಕಾನೂನನ್ನೇ ನೋಡಿ: ಥೆರಪಿಸ್ಟ್ ಹುಳುಕು ತೆಗೆದು ತುಂಬಬಹುದು, ಹಾಲುಹಲ್ಲು ಕೀಳಬಹುದು, ಶಾಶ್ವತ ಹಲ್ಲಿನ ಬೇರುನಾಳಕ್ಕೆ (ರೂಟ್ ಕೆನಾಲ್) ಕೈ ಹಾಕುವಂತಿಲ್ಲ. ದಂತವೈದ್ಯರೊಬ್ಬರ ಜೊತೆ ಲಿಖಿತ ಒಪ್ಪಂದ ಇರಲೇಬೇಕು. ಕೆಲಸವೂ ಮುಖ್ಯವಾಗಿ ಬಡವರ ನಡುವೆ, ವೈದ್ಯರ ಕೊರತೆಯಿರುವ ಕಡೆ. ನಮ್ಮ ರೋಗಿಗಳನ್ನು ಇದರಲ್ಲಿ ಯಾರು ಕಸಿದುಕೊಂಡರು? ನ್ಯೂಜಿಲೆಂಡ್ ಅಂತೂ 1921ರಲ್ಲೇ ಶಾಲಾ ಮಕ್ಕಳ ಹಲ್ಲಿಗೆಂದು ದಾದಿಯರನ್ನು ತರಬೇತಿಗೆ ಕೂರಿಸಿತ್ತು.

ಮಣಿಪಾಲ, ದೇರಳಕಟ್ಟೆಗಳಲ್ಲಿ ದಂತ ಕಾಲೇಜುಗಳೇ ಇವೆ; ಅಲ್ಲಿನ ಪೇಟೆಗೆ ಇಂಥವರು ಬೇಕಿಲ್ಲ, ಒಪ್ಪುತ್ತೇನೆ. ತರಬೇತಿ ಎಷ್ಟು, ಮೇಲ್ವಿಚಾರಣೆ ಯಾರದು ಎಂಬುದು ತೀರ್ಮಾನವಾಗದೆ ಅವಸರದಲ್ಲಿ ಪರವಾನಗಿ ಹಂಚುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಆದರೆ ಘಟ್ಟದ ಬುಡದ ಶಾಲೆಗಳಿಗೆ ನಮ್ಮಲ್ಲಿ ಎಷ್ಟು ಮಂದಿ ಹೋಗುತ್ತೇವೆ?

ಹುಡುಗನ ಹಲ್ಲನ್ನು ಕೀಳಬೇಕಾಯಿತು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಅವನು ಸುಮ್ಮನೆ ಕುಳಿತಿದ್ದ. ತಾಯಿ ಮೇಜಿನ ಮೇಲಿನ ಮಾದರಿ ದವಡೆಯನ್ನು ಎತ್ತಿಕೊಂಡು, ಹಿಂದಿನ ಹಲ್ಲಿನ ಮೇಲೆ ಬೆರಳಿಟ್ಟು ಕೇಳಿದರು: "ಇವನ ತಂಗಿಗೆ ಆರು ನಡೆಯುತ್ತಿದೆ. ಅವಳಿಗೆ ಬರುವುದು ಇದೇ ಅಲ್ಲವೇ?"