ತಂಬೂರಿಗೆ ಎಷ್ಟನೇ ಸ್ಟೇಷನ್?

ಬೆಂಗಳೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುವಾಗ ಮೊಬೈಲಿನಲ್ಲಿ 92.7 ಎಫ್‌ಎಂ ರೇಡಿಯೊ ಹಾಕಿಕೊಂಡು ಕೂರುವುದು ನನ್ನ ಹಳೆಯ ಅಭ್ಯಾಸ. ರಾಮನಗರ ದಾಟಿದ ಮೇಲೆ ಹಾಡಿನೊಳಗೆ ಸರಸರ ಸದ್ದು ಸೇರಿಕೊಳ್ಳುತ್ತದೆ. ಇಯರ್‌ಫೋನಿನ ವೈರನ್ನು ಕಿಟಕಿಯ ಕಡೆ ಎಳೆದು ಹಿಡಿದರೆ ಇನ್ನಷ್ಟು ದೂರ ಹಾಡು ಜೊತೆಗಿರುತ್ತದೆ, ಏಕೆಂದರೆ ಆ ವೈರೇ ಆಂಟೆನಾ. ಈ ಅಲೆಯ ಉದ್ದ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು. ಅದರ ಕಾಲು ಭಾಗ, ಹತ್ತಿರ ಹತ್ತಿರ ಎರಡು ಮೊಳ ತಂತಿ ಇದ್ದರೆ ಅಲೆ ಚೆನ್ನಾಗಿ ಸಿಗುತ್ತದೆ.

ಮೈಸೂರಿನಲ್ಲೂ 92.7 ಇದೆ. ನಡುದಾರಿಯಲ್ಲಿ ಒಂದು ತಿರುವಿಗೆ ಬೆಂಗಳೂರಿನ ಹಾಡು, ಮುಂದಿನ ತಿರುವಿಗೆ ಮೈಸೂರಿನ ಆರ್‌ಜೆ ಮಾತು. ಎರಡೂ ಕಲಸಿಕೊಂಡು ಕೇಳುವುದು ಅಪರೂಪ. ಬಂದ ಅಲೆಗಳಲ್ಲಿ ಬಲವಾದುದನ್ನು ಹಿಡಿದು ಉಳಿದುದನ್ನು ಅದುಮಿಬಿಡುವುದು ಎಫ್‌ಎಂನ ಗುಣ.

ಅಮೆರಿಕದ ಸಂಶೋಧಕ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1935ರಲ್ಲಿ ನ್ಯೂಯಾರ್ಕಿನ ಇಂಜಿನಿಯರುಗಳ ಮುಂದೆ ತಾನು ರೂಪಿಸಿದ ಎಫ್‌ಎಂ ತೋರಿಸಿದಾಗ ಲೋಟಕ್ಕೆ ನೀರು ಸುರಿಯುವ ಸದ್ದು, ಕಾಗದ ಹರಿಯುವ ಸದ್ದನ್ನೂ ಸ್ಪಷ್ಟವಾಗಿ ಕೇಳಿಸಿದ್ದ. ಹಳೆಯ ರೇಡಿಯೊದ ಮೀಡಿಯಂ ವೇವ್‌ನಲ್ಲಿ ಹಾಡು ಅಲೆಯ ಎತ್ತರದ ಏರಿಳಿತದಲ್ಲಿರುತ್ತದೆ. ಮಿಂಚು, ಸ್ಕೂಟರಿನ ಸ್ಪಾರ್ಕ್ ಪ್ಲಗ್ ಕೆಡಿಸುವುದೂ ಆ ಎತ್ತರವನ್ನೇ. ಎಫ್‌ಎಂನಲ್ಲಿ ಹಾಡು ಇರುವುದು ಅಲೆ ಎಷ್ಟು ಬೇಗ ಕಂಪಿಸುತ್ತದೆ ಎಂಬುದರಲ್ಲಿ, ಹಾಗಾಗಿ ಎತ್ತರ ಕೆಟ್ಟರೂ ಹಾಡು ಅಷ್ಟಾಗಿ ಕೆಡುವುದಿಲ್ಲ. 15 ಕಿಲೋಹರ್ಟ್ಸ್‌ವರೆಗಿನ, ಎಂದರೆ ಸೆಕೆಂಡಿಗೆ 15 ಸಾವಿರ ಸಲ ಕಂಪಿಸುವ ಸದ್ದೂ ದಾಟಿ ಬರುತ್ತದೆ. ತಂಬೂರಿಯ ತಂತಿಯಡಿಯಲ್ಲಿ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿದಾಗ ಹೊಮ್ಮುವ ಝೇಂಕಾರವಿದೆಯಲ್ಲ, ಅದು ನಿಂತಿರುವುದು ಮೂಲ ಸ್ವರದ ಜೊತೆಗೇ ಮೂಡುವ, ಅದಕ್ಕಿಂತ ಬೇಗ ಕಂಪಿಸುವ ಸ್ವರಾಂಶಗಳ ಮೇಲೆ. ಮೀಡಿಯಂ ವೇವ್‌ನಲ್ಲಿ ಅದರ ಬಹುಪಾಲು ದಾರಿಯಲ್ಲೇ ಕಳೆದುಹೋಗುತ್ತದೆ.

ಈ ಸೊಗಸಿಗೆ ಜಾಗ ಬೇಕು. ಹಾಡುತ್ತಿರುವಾಗ ಪ್ರತಿ ಸ್ಟೇಷನ್ನಿನ ಅಲೆ ತನ್ನ ನೆಲೆಯಿಂದ ಆಚೀಚೆ 75 ಕಿಲೋಹರ್ಟ್ಸ್‌ವರೆಗೆ ಓಲಾಡುತ್ತದೆ, ಆದ್ದರಿಂದ ಪಕ್ಕದವರ ನಡುವೆ ಅಂತರ ಬಿಡಬೇಕು. ಬೆಂಗಳೂರಿನ ಸ್ಟೇಷನ್ನುಗಳನ್ನೇ ನೋಡಿ: 91.1, 91.9, 92.7, 93.5, 94.3. ಪ್ರತಿ ಹೆಜ್ಜೆಯೂ 0.8 ಮೆಗಾಹರ್ಟ್ಸ್. ಹಾಗಾಗಿ ಒಂದು ಊರಿಗೆ ಸಿಗುವುದು ಬೆರಳೆಣಿಕೆಯ ಸ್ಟೇಷನ್. ಯಾವುದರಲ್ಲಿ ಯಾವ ಹಾಡು ಎಂಬ ಪ್ರಶ್ನೆ ಇಷ್ಟು ಬಿಸಿಯಾಗಿರುವುದು ಅದಕ್ಕೇ.

2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಶುರುವಾಯಿತು, ದೇಶದ ಮೊದಲ ಖಾಸಗಿ ಎಫ್‌ಎಂ ಅದು. ಮೊದಮೊದಲು ಹಿಂದಿ, ಇಂಗ್ಲಿಷ್ ಹಾಡುಗಳದ್ದೇ ಮೇಲುಗೈ. 2006ರಲ್ಲಿ ಹೊಸ ಸ್ಟೇಷನ್ನುಗಳು ಬಂದವು, ಕನ್ನಡವನ್ನೇ ನೆಚ್ಚಿಕೊಂಡವರನ್ನು ಕೇಳುಗರು ಕೈಹಿಡಿದರು, ಮೊದಲು ಬಂದವರೂ ಕನ್ನಡಕ್ಕೆ ಹೊರಳಿದರು. ಕನ್ನಡ ಕೇಳುವವರು ಆಗ ಹುಟ್ಟಿಬಂದವರಲ್ಲ, ಮೊದಲಿನಿಂದಲೂ ಇದ್ದರು, ಸರಿಯಾಗಿ ಎಣಿಸಿರಲಿಲ್ಲ ಅಷ್ಟೇ. ಡೈರಿಯ ಎಣಿಕೆ ಬಂದದ್ದು 2007ರ ಹೊತ್ತಿಗೆ. ಆಯ್ದ ಮನೆಯವರು ಯಾವ ಹೊತ್ತಿನಲ್ಲಿ ಯಾವ ಸ್ಟೇಷನ್ ಕೇಳಿದೆವೆಂದು ಡೈರಿಯಲ್ಲಿ ಬರೆಯಬೇಕಿತ್ತು. ನೆನಪಿದ್ದುದನ್ನು ತಾನೇ ಬರೆಯುವುದು? ಗಳಿಗೆಗೊಮ್ಮೆ ಆರ್‌ಜೆ ಸ್ಟೇಷನ್ನಿನ ಹೆಸರು, ನಂಬರು ಹೇಳುವುದರ ಹಿಂದೆ ಈ ಡೈರಿಯ ಪಾಲೂ ಇದೆ.

ಇಷ್ಟು ಸ್ಟೇಷನ್ ಇದ್ದೂ ಎಲ್ಲದರಲ್ಲೂ ಹೊಸ ಸಿನಿಮಾ ಹಾಡೇ ಏಕೆ? ಅಮೆರಿಕದ ಅರ್ಥಶಾಸ್ತ್ರಜ್ಞ ಪೀಟರ್ ಸ್ಟೈನರ್ 1952ರಲ್ಲೇ ಇದಕ್ಕೊಂದು ಲೆಕ್ಕ ಹಾಕಿದ್ದ. ನಮ್ಮ ಮಟ್ಟಿಗೆ ಹೀಗೆ ಊಹಿಸಿಕೊಳ್ಳೋಣ: ನೂರು ಕೇಳುಗರಲ್ಲಿ 70 ಜನಕ್ಕೆ ಹೊಸ ಹಾಡು ಬೇಕು, 20 ಜನಕ್ಕೆ ಹಳೆಯದು, 10 ಜನಕ್ಕೆ ಶಾಸ್ತ್ರೀಯ. ಮೊದಲ ಸ್ಟೇಷನ್ ಹೊಸ ಹಾಡು ಹಾಕುತ್ತದೆ. ಎರಡನೆಯದೂ ಅದನ್ನೇ ಹಾಕಿದರೆ 35 ಜನ ಸಿಗುತ್ತಾರೆ, ಹಳೆಯ ಹಾಡಿಗೆ ಹೋದರೆ ಇಪ್ಪತ್ತೇ. ಮೂರನೆಯದಕ್ಕೂ 23 ಜನ ಸಿಗುವುದರಿಂದ ಹೊಸ ಹಾಡೇ ಲಾಭ. ನಾಲ್ಕನೆಯದು ಬಂದಾಗ ಹಳೆಯ ಹಾಡಿಗೆ ಅದೃಷ್ಟ ತೆರೆಯುತ್ತದೆ. ಐದು, ಆರು, ಏಳು ಮತ್ತೆ ಹೊಸ ಹಾಡಿಗೇ ಹೋಗುತ್ತವೆ. ಶಾಸ್ತ್ರೀಯಕ್ಕೆ ಆಸೆ ಹುಟ್ಟುವುದು ಎಂಟನೆಯದರಲ್ಲಿ, ಅದೂ ಹೊಸ ಹಾಡಿಗೆ ಹೋದರೂ ಹತ್ತೇ ಜನ ಸಿಗುವ ಸಮಸಮ ಲೆಕ್ಕದಲ್ಲಿ. ಇಲ್ಲಿ ಯಾರದೂ ಕೆಟ್ಟ ಅಭಿರುಚಿಯಲ್ಲ. ಒಬ್ಬೊಬ್ಬರೂ ತಮ್ಮ ಪಾಲಿಗೆ ಸರಿಯಾದುದನ್ನೇ ಮಾಡಿದ್ದಾರೆ, ಆದರೆ ಹತ್ತು ಜನ ಕೇಳುಗರು ಬರಿಗೈಲಿ ಉಳಿದರು.

ಇದೇ ಲೆಕ್ಕದ ಇನ್ನೊಂದು ಮುಖ ನನಗೆ ಬಹಳ ಪ್ರಿಯ. ಮೂರು ಸ್ಟೇಷನ್ನೂ ಒಬ್ಬರದೇ ಆದರೆ? ತನ್ನ ಕೇಳುಗರನ್ನು ತಾನೇ ಕಸಿದುಕೊಂಡು ಏನು ಪ್ರಯೋಜನ! ಒಂದರಲ್ಲಿ ಹೊಸದು, ಒಂದರಲ್ಲಿ ಹಳೆಯದು, ಒಂದರಲ್ಲಿ ಶಾಸ್ತ್ರೀಯ ಹಾಕಿದರೆ ನೂರಕ್ಕೆ ನೂರೂ ಅವರವೇ. ಒಂದೇ ಊರಿನಲ್ಲಿ ಒಬ್ಬರೇ ಎರಡು ಸ್ಟೇಷನ್ ನಡೆಸಲು ಸರ್ಕಾರ ಒಪ್ಪಿದ ಮೇಲೆ, ಬೆಂಗಳೂರಿನಲ್ಲಿ 98.3ರಲ್ಲಿ ಕನ್ನಡ ಹಾಕುತ್ತಿದ್ದ ಮಿರ್ಚಿ ತನ್ನ ಎರಡನೆಯ ಸ್ಟೇಷನ್ 95ರಲ್ಲಿ ಹಿಂದಿ ಹಾಕಿತು. ಆಕಾಶವಾಣಿಯಂತೂ ಎಂದಿನಿಂದಲೋ ಹೀಗೇ. 101.3ರಲ್ಲಿ ರೇನ್‌ಬೋ, 102.9ರಲ್ಲಿ ವಿವಿಧ ಭಾರತಿ, ಇವೆರಡರ ಜೊತೆಗೆ ಶಾಸ್ತ್ರೀಯ ಸಂಗೀತಕ್ಕೆಂದೇ 100.1ರಲ್ಲಿ ಅಮೃತವರ್ಷಿಣಿ. ಪೈಪೋಟಿಯ ಸಾಲಿನಲ್ಲಿ ಎಂಟನೆಯವರೆಗೆ ಕಾಯಬೇಕಿದ್ದ ತಂಬೂರಿಗೆ ಇಲ್ಲಿ ಮೂರನೆಯ ಸ್ಥಾನದಲ್ಲೇ ಜಾಗ ಸಿಕ್ಕಿತು. ಈ ವಾಹಿನಿ ಉಳಿಯಬೇಕು, ದಿನವಿಡೀ ಕೇಳಿಸುತ್ತಿರಬೇಕು ಎಂದು ನಾನು ಹಂಬಲಿಸುವುದು ಅದಕ್ಕೇ.

ಗಾಯಕಿ ಆಲಾಪನೆ ಎತ್ತಿಕೊಳ್ಳುವ ಮುನ್ನ ಎರಡು ಕ್ಷಣ ಬರೀ ಶ್ರುತಿ ಇರುತ್ತದೆ. ಒಳ್ಳೆಯ ರೇಡಿಯೊಗೆ ಕಿವಿಗೊಟ್ಟರೆ ಜೀವಾಳದ ದಾರ ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದೂ ಆಗ ಗೊತ್ತಾಗುತ್ತದೆ.