497ನೇ ದಿನ ಸೊನ್ನೆ

ಹಳೆಯ ಕಾಲದಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದವರಿಗೆ ‘ಅಪ್‌ಟೈಮ್’ ಎಂದರೆ ಮೀಸೆ ತಿರುವುವ ಸಂಗತಿ. ಆ ಕಮಾಂಡ್ ಕೊಟ್ಟರೆ ಯಂತ್ರ ಎಷ್ಟು ದಿನದಿಂದ ನಿಲ್ಲದೆ ಓಡುತ್ತಿದೆ ಎಂದು ತೋರಿಸುತ್ತದೆ. 300 ದಿನ, 400 ದಿನ ಎಂದು ಬೀಗುತ್ತಿದ್ದಾಗಲೇ, 497 ದಿನ ತುಂಬುತ್ತಿದ್ದಂತೆ ಲೆಕ್ಕ ಸೊನ್ನೆಗೆ ಇಳಿಯುತ್ತಿತ್ತು. ಯಂತ್ರ ನಿಂತಿರಲಿಲ್ಲ. ಸೆಕೆಂಡಿಗೆ ನೂರರಂತೆ ಎಣಿಸುತ್ತಿದ್ದ 32 ಬಿಟ್‌ಗಳ (ಸೊನ್ನೆ ಅಥವಾ ಒಂದು ಹಿಡಿಯುವ 32 ಮನೆಗಳ) ಕೌಂಟರ್ ತುಂಬಿಹೋಗಿತ್ತು, ಅಷ್ಟೇ. ಹಳೇ ಸ್ಕೂಟರಿನ ಮೀಟರು 99999 ದಾಟಿ ಮತ್ತೆ ಸೊನ್ನೆಗೆ ಬಂದ ಹಾಗೆ.

ಇಂಥದೇ ಲೆಕ್ಕ ವಿಮಾನದಲ್ಲಿ ತಮಾಷೆಯಲ್ಲ. ಬೋಯಿಂಗ್ 787ಕ್ಕೆ 248 ದಿನ ಎಡೆಬಿಡದೆ ವಿದ್ಯುತ್ ಹರಿದರೆ ಜನರೇಟರ್ ನಿಯಂತ್ರಿಸುವ ಘಟಕಗಳ ಕೌಂಟರ್ ತುಂಬಿ, ಎಸಿ ವಿದ್ಯುತ್ತೆಲ್ಲ ಒಟ್ಟಿಗೇ ಹೋಗಬಹುದೆಂದು 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಎಚ್ಚರಿಸಿತು. 248 ಅಂದರೆ ಹೆಚ್ಚುಕಡಿಮೆ 497ರ ಅರ್ಧ, ಒಂದು ಬಿಟ್ ಕಡಿಮೆಯಾದರೆ ಬರುವ ಸಂಖ್ಯೆ. ತಂತ್ರಾಂಶ ಸರಿಹೋಗುವ ತನಕ ಹೇಳಿದ ಮದ್ದು: 120 ದಿನದೊಳಗೆ ಒಮ್ಮೆ ಪವರ್ ಆಫ್ ಮಾಡಿ. ನಮ್ಮ ಮನೆಯ ವೈಫೈಗೆ ನಾವು ಕೊಡುವ ಮದ್ದೇ!

ಸರ್ವರ್‌ಗಳನ್ನು ರೀಬೂಟ್ ಮಾಡಲು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅಪ್‌ಡೇಟ್ ಹಾಕಿದರೆ ಹೊಸ ಫೈಲು ಡಿಸ್ಕಿಗೆ ಬಂದು ಕೂರುತ್ತದೆ. ಆದರೆ ಆಗಲೇ ಓಡುತ್ತಿರುವ ಪ್ರೋಗ್ರಾಂ ಮೆಮೊರಿಯಲ್ಲಿರುವ ಹಳೆಯ ಕೋಡನ್ನೇ ನಡೆಸುತ್ತಿರುತ್ತದೆ. 2014ರ ಏಪ್ರಿಲ್‌ನಲ್ಲಿ, ಜಾಲತಾಣಗಳ ಮಾತುಕತೆಯನ್ನು ಗುಟ್ಟಾಗಿಡುವ ತಂತ್ರಾಂಶ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ ಈ ಸೂಕ್ಷ್ಮ ಮುಖ್ಯವಾಯಿತು. ಒಂದೊಂದು ಕೋರಿಕೆಗೂ ಸರ್ವರ್‌ನ ಮೆಮೊರಿಯಿಂದ 64 ಕಿಲೋಬೈಟ್‌ವರೆಗೆ ಸೋರಿಸಬಲ್ಲ ದೋಷ ಅದು. ಹೊಸ ಲೈಬ್ರರಿ ಹಾಕಿ ವೆಬ್ ಸರ್ವರನ್ನು ರೀಸ್ಟಾರ್ಟ್ ಮಾಡದಿದ್ದರೆ ಸೋರಿಕೆ ನಿಲ್ಲುತ್ತಿರಲಿಲ್ಲ. ಡಿಸ್ಕಿನಲ್ಲಿರುವ ಆವೃತ್ತಿ ನೋಡಿ ಸಮಾಧಾನಪಟ್ಟುಕೊಂಡರೆ ಮೋಸ ಹೋದಂತೆಯೇ. ದೋಷ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲೇ ಇದ್ದರಂತೂ ಸಾಮಾನ್ಯವಾಗಿ ಇಡೀ ಯಂತ್ರವನ್ನೇ ರೀಬೂಟ್ ಮಾಡಬೇಕು.

ಅದನ್ನೂ ತಪ್ಪಿಸಲು ದಾರಿ ಹುಡುಕಿದವರಿದ್ದಾರೆ. 2008ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಬಂದ ಕೆಸ್‌ಪ್ಲೈಸ್ ಎಂಬ ತಂತ್ರಾಂಶ ಓಡುತ್ತಿರುವ ಕರ್ನೆಲ್‌ಗೇ ತೇಪೆ ಹಾಕಿತು. 2015ರ ಲಿನಕ್ಸ್ 4.0ರಲ್ಲಿ ಲೈವ್ ಪ್ಯಾಚಿಂಗ್ ಕರ್ನೆಲ್‌ನ ಭಾಗವೇ ಆಯಿತು. ದೋಷವಿರುವ ಫಂಕ್ಷನ್‌ನ ಬಾಗಿಲಲ್ಲೇ ‘ಇತ್ತ ಬನ್ನಿ’ ಎಂದು ಹೊಸದರ ಕಡೆಗೆ ತಿರುಗಿಸುವುದು ಇದರ ಉಪಾಯ. ಸಣ್ಣ ರಿಪೇರಿಗೆ ಇದು ಸೊಗಸು. ಕರ್ನೆಲ್‌ ತನ್ನ ಮಾಹಿತಿಯನ್ನು ಜೋಡಿಸಿಟ್ಟುಕೊಳ್ಳುವ ಕ್ರಮವೇ ಬದಲಾಗಬೇಕಾದರೆ ಬಹಳ ಕಷ್ಟ.

ಶೇ. 99.999 ಲಭ್ಯತೆಯ ಮಾತು ಕೊಟ್ಟವರಿಗೆ ವರ್ಷಕ್ಕೆ ಸಿಗುವ ಬಿಡುವು ಬರೀ ಐದೂಕಾಲು ನಿಮಿಷ. ದೊಡ್ಡ ಸರ್ವರೊಂದು ತನ್ನ ಮೆಮೊರಿ ಪರೀಕ್ಷಿಸಿಕೊಂಡು ಏಳುವುದರಲ್ಲೇ ಅದು ಮುಗಿದುಹೋಗಬಹುದು. ಗುಟ್ಟು ನಂದಾದೀಪದಲ್ಲಿದೆ. ಬತ್ತಿ ಸವೆದರೆ ದೀಪ ಆರಿಸುವುದಿಲ್ಲ. ಹೊಸ ಬತ್ತಿಗೆ ಹಳೆಯದರಿಂದಲೇ ಹೊತ್ತಿಸಿ, ಆಮೇಲೆ ಹಳೆಯದನ್ನು ತೆಗೆಯುತ್ತಾರೆ. ಬರುವ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್‌ನ ಹಿಂದೆ ಮೂರು ನಾಲ್ಕು ಸರ್ವರ್‌ಗಳಿದ್ದರೆ, ಒಂದೊಂದನ್ನೇ ಸಾಲಿನಿಂದ ಹೊರಗೆ ತಂದು, ಅಪ್‌ಡೇಟ್ ಮಾಡಿ, ರೀಬೂಟ್ ಮುಗಿಸಿ ಮರಳಿ ಸೇರಿಸಬಹುದು. ಬಳಸುವವರಿಗೆ ಸುಳಿವೇ ಸಿಗದು. ನಿಲ್ಲಬಾರದ್ದು ಸೇವೆ; ಯಂತ್ರ ನಿಂತರೆ ನಿಲ್ಲಲಿ.

ನನಗೆ ಈ ಬುದ್ಧಿ ಬಂದದ್ದು ತಡವಾಗಿ. ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್ ಎರಡು ವರ್ಷ ರೀಬೂಟ್ ಕಂಡಿರಲಿಲ್ಲ. ಮುಟ್ಟಲು ಹೆದರಿಕೆ. ಕೊನೆಗೊಂದು ರಾತ್ರಿ ಧೈರ್ಯ ಮಾಡಿದಾಗ ಯಂತ್ರ ಎದ್ದಿತು, ಡೇಟಾಬೇಸ್ ಏಳಲಿಲ್ಲ. ಹಿಂದೆ ಯಾರೋ ಅದನ್ನು ಕೈಯಾರೆ ಶುರುಮಾಡಿ, ತಾನಾಗಿ ಏಳುವವುಗಳ ಪಟ್ಟಿಗೆ ಸೇರಿಸಲು ಮರೆತಿದ್ದರು. ಅವರು ಕೆಲಸ ಬಿಟ್ಟು ವರ್ಷವಾಗಿತ್ತು.

ಈಗ ತಿಂಗಳಿಗೊಮ್ಮೆ, ಎಲ್ಲರೂ ಎಚ್ಚರವಾಗಿ ಕಾಫಿ ಕುಡಿದಿರುವ ಹೊತ್ತಿನಲ್ಲೇ, ಸರದಿಯಂತೆ ರೀಬೂಟ್ ಮಾಡುತ್ತೇನೆ. ಮೊನ್ನೆ ನೋಡಿದಾಗ ನನ್ನ ಸರ್ವರ್‌ಗಳ ಪೈಕಿ ಅತಿ ಹೆಚ್ಚಿನ ಅಪ್‌ಟೈಮ್ 26 ದಿನ.