ಒಂದು ಗಂಟೆಯ ನಂತರ ನೇರಪ್ರಸಾರ ಒಡೆಯುವುದೇಕೆ?

ಪ್ರಶ್ನೆ: ಮಳೆಗಾಲದಲ್ಲಿ ಊರಿನಿಂದ ಬರುವ ಕಲಾವಿದರ ತಾಳಮದ್ದಳೆಯನ್ನು (ವೇಷ, ಕುಣಿತವಿಲ್ಲದ ಯಕ್ಷಗಾನವನ್ನು) ನಮ್ಮ ಸಂಘದವರು ಮುಂಬಯಿಯ ಮಾಟುಂಗದ ಸಭಾಂಗಣದಿಂದ ಮೊಬೈಲಿನ ಮೂಲಕವೇ ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುತ್ತೇವೆ. ಮೊದಲ ಒಂದು ಗಂಟೆ ಚೆನ್ನಾಗಿಯೇ ಬರುತ್ತದೆ. ಆಮೇಲೆ ಚಿತ್ರ ಒಡೆಯುತ್ತದೆ, ಮಾತು ತುಂಡಾಗುತ್ತದೆ. ಇನ್ನೂ ಉತ್ತಮ ಕ್ಯಾಮೆರಾ ಇರುವ ಫೋನ್ ಕೊಳ್ಳಬೇಕೇ?
– ಡೊಂಬಿವಲಿಯ ಓದುಗರು

ಉತ್ತರ: ಸದ್ಯಕ್ಕೆ ಬೇಡ. ಮೊದಲ ಗಂಟೆ ಚಿತ್ರ ಸ್ಪಷ್ಟವಾಗಿದೆ ಎಂದ ಮೇಲೆ ಕ್ಯಾಮೆರಾದಲ್ಲಿ ದೋಷವಿಲ್ಲ. ನೀವು ಬಳಸುತ್ತಿರುವುದು ದಿನಕ್ಕೆ 2 ಜಿಬಿಯ ಪ್ಯಾಕ್ ಆಗಿದ್ದರೆ, ಕಾರಣ ಲೆಕ್ಕದಲ್ಲೇ ಸಿಗುತ್ತದೆ. 720 ಪಿ ಸ್ಪಷ್ಟತೆಯ ಚಿತ್ರವನ್ನು ಸೆಕೆಂಡಿಗೆ 4 ಮೆಗಾಬಿಟ್ ವೇಗದಲ್ಲಿ ಕಳುಹಿಸಿದರೆ ಗಂಟೆಗೆ ಸುಮಾರು 1.8 ಜಿಬಿ ಖರ್ಚಾಗುತ್ತದೆ. ಅಂದರೆ ಒಂದು ಗಂಟೆ ದಾಟಿದ ಕೂಡಲೇ ಆ ದಿನದ ಪಾಲು ಮುಗಿದು, ಸಾಮಾನ್ಯವಾಗಿ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಅಷ್ಟು ವೇಗದಲ್ಲಿ ಚಿತ್ರವಂತಿರಲಿ, ಧ್ವನಿಯೂ ಸರಿಯಾಗಿ ಹೋಗದು. ಮೂರು ಗಂಟೆಯ ಪ್ರಸಂಗಕ್ಕೆ ಐದೂವರೆ ಜಿಬಿಯಾದರೂ ಕೈಯಲ್ಲಿರಬೇಕು.

ಡೇಟಾ ಸಾಕಷ್ಟಿದ್ದೂ ಒಡೆಯುತ್ತದೆಯಾದರೆ ಅಪ್‌ಲೋಡ್ ವೇಗವನ್ನು, ಅಂದರೆ ಫೋನಿನಿಂದ ಹೊರಕ್ಕೆ ಕಳುಹಿಸುವ ವೇಗವನ್ನು, ನೋಡಬೇಕು. ವೇಗ ಪರೀಕ್ಷಿಸುವವರು ಸಾಮಾನ್ಯವಾಗಿ ಡೌನ್‌ಲೋಡ್ ಅಂಕಿಯನ್ನು ಕಂಡು ಸಮಾಧಾನಪಡುತ್ತಾರೆ. ಆದರೆ ನಮ್ಮ ಮೊಬೈಲ್ ಜಾಲಗಳು ಹೆಚ್ಚಿನ ಪಾಲನ್ನು ಡೌನ್‌ಲೋಡಿಗೇ ಮೀಸಲಿಡುವುದರಿಂದ ಅಪ್‌ಲೋಡ್ ಅದರ ಒಂದು ಸಣ್ಣ ಭಾಗವಷ್ಟೇ ಇರುತ್ತದೆ, ಅದನ್ನೂ ಸಭಾಂಗಣದಲ್ಲಿರುವ ಎಲ್ಲ ಫೋನುಗಳು ಹಂಚಿಕೊಳ್ಳುತ್ತವೆ. ಆದ್ದರಿಂದ ಬೆಳಿಗ್ಗೆ ಖಾಲಿ ಸಭಾಂಗಣದಲ್ಲಿ ಮಾಡಿದ ಪರೀಕ್ಷೆಯನ್ನು ನಂಬದೆ, ಜನ ತುಂಬಿದ ಕಾರ್ಯಕ್ರಮವೊಂದರ ನಡುವೆ, ಫೋನ್ ಇಡುವ ಜಾಗದಲ್ಲೇ ಪರೀಕ್ಷಿಸಿರಿ. 4 ಮೆಗಾಬಿಟ್ ಕಳುಹಿಸಲು 7–8 ಮೆಗಾಬಿಟ್ ಅಪ್‌ಲೋಡ್ ಸ್ಥಿರವಾಗಿ ಸಿಗಬೇಕು. ಸಿಗದಿದ್ದರೆ 480 ಪಿಗೆ ಇಳಿಯುವುದೇ ಲೇಸು. ಬಿಟ್‌ರೇಟನ್ನು (ಸೆಕೆಂಡಿಗೆ ಕಳುಹಿಸುವ ಡೇಟಾದ ಪ್ರಮಾಣವನ್ನು) ನಾವೇ ನಿಗದಿಪಡಿಸಲು ಲಾರಿಕ್ಸ್ ಬ್ರಾಡ್‌ಕಾಸ್ಟರಿನಂತಹ ಆ್ಯಪ್‌ಗಳಿವೆ. ಸಭಾಂಗಣದ ಕಚೇರಿಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಅದನ್ನು ಕೇಳಿ ಪಡೆಯಿರಿ, ಮತ್ತು ಆ ವೈಫೈ ಪಾಸ್‌ವರ್ಡನ್ನು ಪ್ರೇಕ್ಷಕರಿಗೆ ಕೊಡಬೇಡಿ.

ಫೋನನ್ನು ಅಲುಗದಂತೆ ನಿಲ್ಲಿಸುವ ಸ್ಟ್ಯಾಂಡಿನ ಮಹತ್ವವನ್ನು ಅನೇಕರು ಅರಿತಿಲ್ಲ. ಫೋನ್ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಕಳುಹಿಸುವುದಿಲ್ಲ, ಆಗಾಗ ಒಂದು ಪೂರ್ಣ ಚಿತ್ರವನ್ನು ಬಿಟ್ಟರೆ ಹಿಂದಿನ ಚಿತ್ರಕ್ಕಿಂತ ಬದಲಾದದ್ದನ್ನು ಮಾತ್ರ ಕಳುಹಿಸುತ್ತದೆ. ಕೈ ನಡುಗಿದರೆ ಹಿಂದಿನ ಪರದೆ, ಬ್ಯಾನರು ಎಲ್ಲವೂ ಬದಲಾದಂತೆಯೇ ಲೆಕ್ಕ. ಫೋನ್ ಅಲುಗದೆ ನಿಂತರೆ ಅದೇ ಬಿಟ್‌ರೇಟಿನಲ್ಲಿ ಅರ್ಥಧಾರಿಯ (ಪಾತ್ರದ ಮಾತಾಡುವ ಕಲಾವಿದರ) ಮುಖದ ಭಾವ ಹೆಚ್ಚು ಸ್ಪಷ್ಟವಾಗುತ್ತದೆ. ತಾಳಮದ್ದಳೆಯಲ್ಲಿ ಕಲಾವಿದರು ಕುಳಿತೇ ಮಾತನಾಡುವುದರಿಂದ ಕಡಿಮೆ ವೇಗವೂ ಸಾಕಾಗುತ್ತದೆ. ಕಿರೀಟ ಮಿನುಗುವ, ಗಿರಕಿ ಹೊಡೆಯುವ ಯಕ್ಷಗಾನಕ್ಕೆ ಹೆಚ್ಚು ಬೇಕು. ಮಂದ ಬೆಳಕಿನಲ್ಲಿ ಮೂಡುವ ಕಾಳುಕಾಳಾದ ಚುಕ್ಕೆಗಳೂ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಅವೂ ಡೇಟಾ ತಿನ್ನುತ್ತವೆ. ವೇದಿಕೆಯ ದೀಪಗಳನ್ನೆಲ್ಲ ಹಾಕಿಸಿರಿ.

ಧ್ವನಿಯ ಬಗ್ಗೆ ಒತ್ತಿ ಹೇಳಬೇಕಾಗಿದೆ, ಏಕೆಂದರೆ ಊರಿನಲ್ಲಿ ಕುಳಿತು ನೋಡುವ ಹಿರಿಯರಿಗೆ ಚಿತ್ರ ಮಸುಕಾದರೂ ನಡೆದೀತು, ಅರ್ಥಧಾರಿಯ ಮಾತೇ ಕೇಳದಿದ್ದರೆ ಉಳಿಯುವುದೇನು? ಫೋನಿನ ಮೈಕ್ ಶಬ್ದದ ಮಟ್ಟವನ್ನು ತಾನೇ ಏರಿಳಿಸುತ್ತದೆ: ಚೆಂಡೆಯ ಪೆಟ್ಟು ಬಿದ್ದಾಗ ತಗ್ಗಿಸುತ್ತದೆ, ಅದರ ಬೆನ್ನಿಗೇ ಬರುವ ಮಾತು ಹೂತುಹೋಗುತ್ತದೆ. ಸದ್ದು ಅಡಗಿಸುವ ವ್ಯವಸ್ಥೆ ಚಾಲೂ ಇದ್ದರೆ ಒಂದೇ ಸಮನೆ ನುಡಿಯುವ ಶ್ರುತಿಯನ್ನೂ ಅದು ಬೇಡದ ಸದ್ದೆಂದು ಅಳಿಸಲು ನೋಡುತ್ತದೆ. ಮೈಕ್ ಸೆಟ್ಟಿನವರ ಮಿಕ್ಸರಿನಿಂದ (ಎಲ್ಲ ಮೈಕ್‌ಗಳ ಧ್ವನಿಯನ್ನು ಕೂಡಿಸುವ ಪೆಟ್ಟಿಗೆಯಿಂದ) ನೇರವಾಗಿ ಧ್ವನಿ ಪಡೆಯುವುದೇ ಇದಕ್ಕೆ ಪರಿಹಾರ. ಆದರೆ ಮಿಕ್ಸರಿನ ಔಟ್‌ಪುಟ್ ಫೋನಿನ ಮೈಕ್ ಜಾಗಕ್ಕೆ ತೀರ ಜೋರಾಗಿ ಒಡೆದು ಕೇಳುವುದರಿಂದ, ನಡುವೆ ಒಂದು ಸಣ್ಣ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಆ ಧ್ವನಿಯನ್ನು ಫೋನಿಗೆ ಹೊಂದುವಂತೆ ಮಾಡಿ ಕೊಡುವ ಉಪಕರಣ) ಇರಲಿ. ಹಣ ಖರ್ಚು ಮಾಡುವುದಿದ್ದರೆ ಹೊಸ ಫೋನಿಗಲ್ಲ, ಇದಕ್ಕೆ ಮಾಡಿರಿ.

ಮುಂಬಯಿಯ ಸೆಕೆಯಲ್ಲಿ ಚಾರ್ಜಿಗೆ ಹಾಕಿದ ಫೋನ್ ಬೇಗ ಬಿಸಿಯಾಗಿ ತಾನಾಗಿಯೇ ನಿಧಾನವಾಗುತ್ತದೆ. ಕವರ್ ತೆಗೆದು, ಫ್ಯಾನಿನ ಗಾಳಿ ತಾಗುವಲ್ಲಿ ಇಡಿ. ವೈಫೈ ಬಳಸುವಾಗ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ತೆರೆದಿಟ್ಟು, ವೈಫೈ ಮೂಲಕ ಕರೆ ಬರುವ ಸೌಲಭ್ಯವನ್ನೂ ಆರಿಸಿದರೆ ನಡುವೆ ಮೊಬೈಲ್ ಕರೆ ಬಂದು ಪ್ರಸಾರ ನಿಲ್ಲುವ ಭಯವಿಲ್ಲ. ಜೊತೆಗೆ ಇನ್ನೊಂದು ಫೋನಿನಲ್ಲಿ ಇಡೀ ಪ್ರಸಂಗವನ್ನು ರೆಕಾರ್ಡ್ ಮಾಡಿಕೊಳ್ಳಿ. ಜಾಲ ಕೈಕೊಟ್ಟ ದಿನ ಮರುದಿನ ಅದನ್ನೇ ಏರಿಸಬಹುದು.